ಕುಲಾವಿಗೂ ಮೊದಲು

“ಮಗು ಯಾವಾಗ ಮಾಡ್ಕೋಬೇಕು ಅಂತಿದೀರಾ ಮೇಡಂ?” ನನ್ನ ಗಂಡ ಕರೆತಂದಿದ್ದ ಆರೋಗ್ಯ ವಿಮೆಯ ಏಜೆಂಟ್ ನರಸಾಪುರದ ನಮ್ಮ ಮನೆಯ ಜಗುಲಿಯಲ್ಲಿ ಕೂತು, ಅತ್ತೆಯ ಎದುರಿಗೇ ಕೇಳಿಬಿಟ್ಟ. ಹೆರಿಗೆಯ ಖರ್ಚು ಸಿಗಬೇಕಾದರೆ ಪಾಲಿಸಿ ಮಾಡಿಸಿ ಎರಡು ವರ್ಷ ಕಳೆದಿರಬೇಕಂತೆ. ಬಸಿರಾದ ಮೇಲೆ ಮಾಡಿಸಿದರೆ ಆ ಹೆರಿಗೆಗೆ ಏನೂ ಸಿಗುವುದಿಲ್ಲವಂತೆ.

ನಾನು ತಲೆ ತಗ್ಗಿಸಿದೆ. ನಮ್ಮ ಮನೆಯಲ್ಲಿ ಮಗು ಹುಟ್ಟುವ ಮೊದಲು ಅದಕ್ಕೆಂದು ಒಂದು ಕುಲಾವಿಯನ್ನೂ ತರುವಂತಿಲ್ಲ. ನಾದಿನಿ ಬಸುರಿಯಾಗಿದ್ದಾಗ ಆಸೆಪಟ್ಟು ತಂದ ಪುಟ್ಟ ಅಂಗಿಯನ್ನು ಅತ್ತೆ ಅಂಗಡಿಗೇ ವಾಪಸ್ ಕಳಿಸಿದ್ದರು. ಇನ್ನು ಬಸಿರೇ ಆಗದವಳಿಗೆ ಹೆರಿಗೆಯ ವಿಮೆ ಎಂದರೆ ಸುಮ್ಮನಿರುತ್ತಾರೆಯೇ?

ರೇಷ್ಮೆ ಹುಳಕ್ಕೆ ಸೊಪ್ಪು ಕತ್ತರಿಸುತ್ತಿದ್ದ ಅತ್ತೆ ಕೈ ನಿಲ್ಲಿಸಿ ಏಜೆಂಟನ ಕಡೆ ತಿರುಗಿದರು. “ಹುಟ್ಟೋಕ್ ಮುಂಚೆ ಮಗೂಗೆ ಏನೂ ತರಬಾರ್ದು, ನಿಜ. ಆದ್ರೆ ಇದು ಮಗೂಗಲ್ವಲ್ಲಪ್ಪ, ನಮ್ ಹುಡುಗೀಗೆ. ಬರ್ಕೊ.”

ಪಾಲಿಸಿಗೆ ಎರಡು ವರ್ಷ ತುಂಬಿದ ಮೇಲೆ ಆದ ನನ್ನ ಹೆರಿಗೆ ಸುಲಭವಾಗಿರಲಿಲ್ಲ, ಆದರೆ ಕೋಲಾರದ ಆಸ್ಪತ್ರೆಯಲ್ಲಿ ಖರ್ಚಿನ ಚಿಂತೆ ಇರಲಿಲ್ಲ. ಎಲ್ಲರೂ ಮಗಳ ತೊಟ್ಟಿಲಿಗೆ ಮುತ್ತಿಕೊಂಡಿದ್ದಾಗ ಅತ್ತೆ ಮೊದಲು ನನ್ನ ಮಂಚದ ಬಳಿ ಬಂದು ಹಣೆ ಮುಟ್ಟಿ ನೋಡಿದರು. ಕುಲಾವಿ ತರಲು ಅಂಗಡಿಗೆ ಹೋದದ್ದು ಆಮೇಲೆ.