ದಾಟಿ ಹೋಗದ ಪಾದ್ರಿ

ಮೈಸೂರಿನ ಹುಡುಗರಿಗೆ ನಾಟಕ ಕಲಿಸುವ ಮಿಷನರಿ ನಾನು. ಒಮ್ಮೆ ಅವರನ್ನು ನೀಲಗಿರಿಗೆ ಕರೆದೊಯ್ದು, ಬೈಬಲ್ಲಿನ ಕಥೆಯೊಂದನ್ನು ಗೂಡಲೂರು ಬಸ್ ಸ್ಟ್ಯಾಂಡಿನಲ್ಲಿ ಆಡಿಸಿದೆ. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಪಾದ್ರಿ ಕಂಡೂ ಕಾಣದಂತೆ ದಾಟಿ ಹೋಗಬೇಕು. ಆಮೇಲೆ ಯಾರೋ ಪರವೂರಿನವನು ಬಂದು ಕಾಪಾಡಬೇಕು. ತಿರುಗಿ ನೋಡದೆ ನಡೆಯುವುದನ್ನು ಪಾದ್ರಿ ವೇಷದ ಡೇವಿಡ್‌ಗೆ ಎರಡು ವಾರ ಕಲಿಸಿದ್ದೆ.

ಕೆಂಪು ಬಣ್ಣ ಬಳಿದುಕೊಂಡ ಹುಡುಗ ಬಿದ್ದದ್ದೇ ತಡ, ಅಲ್ಲಿನ ಬಡಗ ಜನಾಂಗದ ಅಜ್ಜಿಯೊಬ್ಬರು ಕ್ಯಾರೆಟ್ ಮೂಟೆ ಇಳಿಸಿ ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡರು. ಡೇವಿಡ್ ಗಂಭೀರವಾಗಿ ದಾಟಿ ಹೊರಟ. ಅಜ್ಜಿ ಅವನ ನಿಲುವಂಗಿ ಹಿಡಿದರು.

“ಎಲ್ಲಿಗೆ ಹೊರಟ್ರಿ ಫಾದರ್? ಬನ್ನಿ, ಕಾಲು ಹಿಡ್ಕೊಳ್ಳಿ.”

ಡೇವಿಡ್ ನನ್ನ ಮುಖ ನೋಡಿದ, ಅಜ್ಜಿಯ ಮುಖ ನೋಡಿದ, ಕಾಲು ಹಿಡಿದ. ಗಾಯಾಳು ನಗು ತಡೆಯಲಾರದೆ ಕುಲುಕುತ್ತಿದ್ದ. ಅದನ್ನು ನಡುಕ ಎಂದುಕೊಂಡು ಅಜ್ಜಿ ತಮ್ಮ ಶಾಲು ಹೊದಿಸಿದರು.

ನಾನು ಓಡಿಹೋಗಿ, “ಅಜ್ಜೀ, ಇದು ನಾಟಕ” ಎಂದೆ.

“ಇರಲಿ. ಈ ಹುಡುಗನಿಗೆ ದಾಟಿ ಹೋಗೋಕೆ ಹೇಳಿಕೊಟ್ಟವರು ಯಾರು?”



ಅಷ್ಟರಲ್ಲಿ ಕಾಪಾಡಬೇಕಿದ್ದವನು ಬ್ಯಾಂಡೇಜು ಹಿಡಿದು ಬಂದ. “ಸರ್, ಈಗ ನಾನೇನು ಮಾಡಲಿ?”

“ಅಜ್ಜಿಯ ಮೂಟೆ ಮಾರ್ಕೆಟ್ಟಿಗೆ ಹೊತ್ತುಕೊಂಡು ಹೋಗು” ಎಂದೆ. ಅಂದು ನನ್ನ ನಿರ್ದೇಶನ ನಡೆದದ್ದು ಅಷ್ಟೇ.