ವಾಸಿಯಾಗದ ಮೊಣಕಾಲಿನ ಸಾಕ್ಷಿ

ಅಣ್ಣಿಗೇರಿಯಲ್ಲಿ ನನ್ನ ದೊಡ್ಡವ್ವ ಹೋಗುವ ಸಭೆಗೆ ಚರ್ಚಿನ ಕಟ್ಟಡವಿಲ್ಲ. ಕಾಳಿನ ಗೋದಾಮಿನ ಮೇಲಿನ ಹಾಲಿನಲ್ಲಿ ಭಾನುವಾರ ಮೂವತ್ತು ಜನ ಜಮಖಾನೆ ಹಾಸಿಕೊಂಡು ಕೂರುತ್ತಾರೆ. ಹಾಡು ಮುಗಿದ ಮೇಲೆ ಸಾಕ್ಷಿಯ ಸಮಯ. ಪ್ರಾರ್ಥನೆಯಿಂದ ಯಾರಿಗೆ ಏನು ಒಳ್ಳೆಯದಾಯಿತೋ ಅವರು ಎದ್ದು ಹೇಳಬೇಕು. ಜ್ವರ ಇಳಿದದ್ದು, ಮಗಳಿಗೆ ವರ ಸಿಕ್ಕದ್ದು, ಒಮ್ಮೆ ತಪ್ಪಿಸಿಕೊಂಡ ಎಮ್ಮೆ ತಾನಾಗಿ ಮನೆಗೆ ಬಂದದ್ದು. ಎಮ್ಮೆಗಳು ಹೇಗಿದ್ದರೂ ಮನೆಗೇ ಬರುತ್ತವೆ ಎಂದು ನಾನು ಹೇಳಿದಾಗ ಯಾರೂ ನಗಲಿಲ್ಲ.

ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಗೆದ್ದು ಕೆಟ್ಟವಳು ನಾನು. ನಂಬಿಕೆಯಿಲ್ಲದ ನಾನು ಸಭೆಗೆ ಹೋಗುತ್ತಿದ್ದದ್ದು ದೊಡ್ಡವ್ವನನ್ನು ಮೆಟ್ಟಿಲು ಹತ್ತಿಸಲು ಮಾತ್ರ. ಅವಳ ಮೊಣಕಾಲಿಗಾಗಿ ಇಡೀ ಸಭೆ ಮೂರು ವರ್ಷ ಪ್ರಾರ್ಥಿಸಿತ್ತು. ಪ್ರತಿ ವಾರ ಅವಳು ನನ್ನ ಭುಜ ಹಿಡಿದು ಎದ್ದು, "ಕಾಲು ಹಂಗ ಐತ್ರಿ. ದೇವರಿಗೆ ಸ್ತೋತ್ರ" ಎಂದು ಹೇಳಿ ಕೂರುತ್ತಿದ್ದಳು. ನನ್ನ ಲೆಕ್ಕದಲ್ಲಿ ಆ ಹಾಲಿನಲ್ಲಿ ನಂಬಬಹುದಾದ ಸಾಕ್ಷಿ ಅವಳೊಬ್ಬಳೇ.

ಒಂದು ದಿನ ಪಾಸ್ಟರ್ ಮನೆಗೆ ಬಂದರು. ಚಹಾ ಕುಡಿಯುತ್ತ, ಬಹಳ ನಯವಾಗಿ, ವಾಸಿಯಾಗುವ ತನಕ ಸಾಕ್ಷಿಗೆ ಏಳುವುದು ಬೇಡ ಎಂದರು. ಹೊಸಬರ ವಿಶ್ವಾಸ ಕುಂದುತ್ತದಂತೆ. ಕಪ್ಪು ತೊಳೆಯಲು ಹೋದ ದೊಡ್ಡವ್ವ ಬಹಳ ಹೊತ್ತು ಹೊರಗೆ ಬರಲಿಲ್ಲ. ಗಂಡ ತೀರಿದ ಮೇಲೆ ಅವಳ ಮಾತನ್ನು ನಾಲ್ಕು ಜನ ಸುಮ್ಮನೆ ಕೂತು ಕೇಳುತ್ತಿದ್ದದ್ದು ವಾರದ ಆ ಒಂದು ನಿಮಿಷ ಮಾತ್ರ.

ನಾನು ವಕಾಲತ್ತು ವಹಿಸಿದೆ.

"ಛಲೋ ಆದವ್ರನ್ನ ಅಷ್ಟ ಎಬ್ಬಿಸಿದ್ರ ಅದು ಸಾಕ್ಷಿ ಅಲ್ರಿ, ಜಾಹೀರಾತು. ಆಕಿ ಸುಳ್ಳು ಹೇಳ್ಯಾಳೇನ್ರಿ? ಸ್ತೋತ್ರ ಹೇಳೂದು ಬಿಟ್ಟಾಳೇನ್ರಿ?"

ಪಾಸ್ಟರ್ ಮೂಲತಃ ಒಳ್ಳೆಯ ಮನುಷ್ಯ. ಎರಡನೆಯ ಕಪ್ಪು ಚಹಾ ಮುಗಿಯುವಷ್ಟರಲ್ಲಿ, ಅವಳು ಏಳಲಿ ಎಂದು ಒಪ್ಪಿಕೊಂಡರು. ನನ್ನ ಉದ್ದೇಶ ಅಷ್ಟು ಒಳ್ಳೆಯದಾಗಿರಲಿಲ್ಲ. ಪ್ರಾರ್ಥನೆ ಫಲಿಸಲಿಲ್ಲ ಎಂಬುದನ್ನು ದೊಡ್ಡವ್ವ ಪಾಸ್ಟರ್ ಅಪ್ಪಣೆಯಲ್ಲೇ ವಾರವಾರ ಸಾರಿದರೆ ತಿಂಗಳೊಳಗೆ ಸಭೆಯ ಹಾಲ್ ಅರ್ಧ ಖಾಲಿಯಾಗುತ್ತದೆ ಎಂದು ಎಣಿಸಿದ್ದೆ.

ಮುಂದಿನ ಭಾನುವಾರ ದೊಡ್ಡವ್ವ ಎದ್ದಳು. ಕಾಲು ಹಾಗೇ ಇದೆ ಎಂದಳು. ಅಲ್ಲಿಗೆ ನಿಲ್ಲಿಸಲಿಲ್ಲ.

"ನಾ ಕೇಳಾಕತ್ತೀನಿ, ಆತ ಕೇಳಿಸ್ಕೊಳ್ಳಾಕತ್ತಾನ. ಕೊಡಲಿಲ್ಲಂತ ಮಾತು ಬಿಡಾಕ ಇದೇನು ಅಂಗಡಿ ವ್ಯವಹಾರ ಏನ್ರಿ?"

ಆಮೇಲೆ ಹಿಂದಿನ ಸಾಲಿನಲ್ಲಿ ಒಬ್ಬರು ಎದ್ದು, ಮಗ ಇನ್ನೂ ಕುಡಿಯುತ್ತಾನೆ ಎಂದರು. ಒಬ್ಬ ಹೆಂಗಸು ಎದ್ದು, ಮಕ್ಕಳಾಗಿಲ್ಲ ಎಂದಳು. ಯಾರಿಗೂ ಏನೂ ಒಳ್ಳೆಯದಾಗಿರಲಿಲ್ಲ, ಸಾಕ್ಷಿ ಮಾತ್ರ ಮುಗಿಯಲೇ ಇಲ್ಲ. ನಾನು ಖಾಲಿ ಮಾಡಿಸಬೇಕೆಂದಿದ್ದ ಹಾಲಿನಲ್ಲಿ ಈಗ ಬೇಗ ಹೋಗದಿದ್ದರೆ ನನಗೇ ಜಾಗ ಸಿಗುವುದಿಲ್ಲ.

ಆ ದಿನ ಮೆಟ್ಟಿಲು ಇಳಿಯುವಾಗ ದೊಡ್ಡವ್ವ, "ನೀನೂ ಒಮ್ಮೆ ಎದ್ದು ಹೇಳವಾ, ನಂಬಿಕಿ ಇನ್ನೂ ಬಂದಿಲ್ಲಂತ" ಎಂದಳು.

"'ಬಂದಿಲ್ಲ' ಅನ್ನೂದು ಖರೆ. 'ಇನ್ನೂ' ಅನ್ನೂದಕ್ಕ ನನ್ನ ತಕರಾರು ಐತಿ."

"ಅದನ್ನ ಅಲ್ಲೇ ಹೇಳು. ಪಾಸ್ಟರ್ ಬ್ಯಾಡ ಅಂದ್ರ ನಾ ವಾದಾ ಮಾಡ್ತೀನಿ."