ಬಾಗಿಲಿನ ಹೆಸರು ಅವ್ವ

ತಂಗಿಗೆ ಮಾತು ಕಲಿಸಿದವಳು ನಾನೇ. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಧೈರ್ಯ ಇಂದಿಗೂ ಬಂದಿಲ್ಲ.

ಐವತ್ತರ ದಶಕದ ಮೊದಲ ವರ್ಷಗಳು. ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರಿನಲ್ಲಿ ನಮ್ಮ ಮನೆ. ತಂಗಿ ಹುಟ್ಟಿ ಮೂರು ತಿಂಗಳಿಗೆ ಅವ್ವನ ಕೆಮ್ಮಿನಲ್ಲಿ ರಕ್ತ ಕಾಣಿಸಿತು. ಚಾಮರಾಜನಗರದ ಡಾಕ್ಟರು ಕ್ಷಯ ಎಂದರು. ಕೂಸನ್ನು ಹತ್ತಿರ ಬಿಟ್ಟುಕೊಳ್ಳಬೇಡಿ ಎಂದು ಗಿಣಿಗೆ ಹೇಳಿದಂತೆ ಹೇಳಿದರು. ಅವ್ವ ರಾಗಿಚೀಲ ಇಡುತ್ತಿದ್ದ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಹರದನಹಳ್ಳಿಯಿಂದ ಅಜ್ಜಿ ಬಂದು ಮನೆ ನೋಡಿಕೊಂಡಳು. ತಂಗಿ ನನ್ನ ಸೊಂಟಕ್ಕೆ ಬಂದಳು. ನನಗೆ ಹತ್ತು ವರ್ಷ, ಜಂಬ ಮಾತ್ರ ಇಪ್ಪತ್ತರದು.

ಅವ್ವನಿಗೆ ಉಳಿದಿದ್ದ ಆಸೆ ಒಂದೇ: ತಾನು ಹೋಗುವುದರೊಳಗೆ ಈ ಕೂಸು ತನ್ನ ಮುಖ ನೋಡಿ ಅವ್ವ ಎನ್ನಬೇಕು. ಒಳಗಿನಿಂದಲೇ ಅದನ್ನು ಮಾತಾಡಿಸುತ್ತಿದ್ದಳು. ದನಿ ಕೇಳಿದೊಡನೆ ಕೂಸು ನನ್ನ ಬಾಯಿಯನ್ನೇ ನೋಡುತ್ತಿತ್ತು. ನನ್ನ ತುಟಿ ಅಲುಗದಿದ್ದರೆ ಮುಖ ಸಪ್ಪಗೆ ಮಾಡಿ ಸುತ್ತಲೂ ಹುಡುಕುತ್ತಿತ್ತು. ನಾನು ಅದರ ಬೆರಳು ಹಿಡಿದು ಬಾಗಿಲಿಗೆ ತೋರಿಸುತ್ತಿದ್ದೆ. "ಅವ್ವ ಎಲ್ಲವ್ಳೆ? ಅಗೋ, ಅಲ್ಲವ್ಳೆ." ದಿನಕ್ಕೆ ಹತ್ತು ಸಲ ಇದೇ ಆಟ.

ವರ್ಷ ತುಂಬುವ ಹೊತ್ತಿಗೆ ಅದು ತಾನೇ ಬಾಗಿಲು ತೋರಿಸಿ "ಅವ್ವ" ಎಂದಿತು. ಒಳಗೆ ಅವ್ವ ಅತ್ತದ್ದು ಕೇಳಿಸಿತು. ದೂರದಿಂದ ಒಮ್ಮೆ ಮುಖ ತೋರಿಸುತ್ತೇನೆಂದು ಅಜ್ಜಿಯನ್ನು ಕಾಡಿ ಬೇಡಿ ಒಪ್ಪಿಸಿದಳು. ಮರುದಿನ ತಲೆ ಬಾಚಿ, ಕುಂಕುಮ ಇಟ್ಟುಕೊಂಡು, ಬಾಗಿಲು ತೆರೆದು ಕೋಣೆಯ ಆ ತುದಿಗೆ ಹೋಗಿ ನಿಂತಳು.

"ಅವ್ವ ಎಲ್ಲವ್ಳೆ ಕಣಮ್ಮಿ?" ಎಂದೆ.

ತಂಗಿ ಅವಳನ್ನು ನೋಡಿದಳು. ಆಮೇಲೆ ತೆರೆದ ಬಾಗಿಲಿನ ಹಲಗೆಗೆ ಬೆರಳು ಮಾಡಿ, "ಅವ್ವ" ಎಂದಳು.

ತಪ್ಪು ನನ್ನದೆಂದು ಆಗಲೇ ತಿಳಿಯಿತು.

"ನಾನ್ ಕಣಮ್ಮಿ, ಇಲ್ಲಿವ್ನಿ," ಎಂದಳು ಅವ್ವ. ಗೊತ್ತಿದ್ದ ದನಿ ಗೊತ್ತಿಲ್ಲದ ಮುಖದಿಂದ ಬಂದದ್ದಕ್ಕೇ ಹೆದರಿ ಕೂಸು ಕಿರುಚಿತು. ನನ್ನ ಕುತ್ತಿಗೆ ತಬ್ಬಿಕೊಂಡಿತು.

"ಅಳುಸ್ಬ್ಯಾಡ ಬುಡು," ಎಂದು ಅವ್ವ ಬಂದು ಬಾಗಿಲು ಹಾಕಿಕೊಂಡಳು. ಒಳಗಿನಿಂದ ಎಂದಿನಂತೆ ಕರೆದಳು. ಕೂಸು ಅಳು ನಿಲ್ಲಿಸಿ, ಬಗ್ಗಿ ಬಾಗಿಲು ತಟ್ಟಿ, ನಕ್ಕು, "ಅವ್ವ" ಎಂದಿತು.

"ಓ," ಎಂದು ಅವ್ವ ಓಗೊಟ್ಟಳು.

ಮತ್ತೆಂದೂ ಮುಖ ತೋರಿಸುತ್ತೇನೆ ಎನ್ನಲಿಲ್ಲ. ಎರಡು ತಿಂಗಳಿಗೆ ಹೋದಳು. ಖಾಲಿ ಕೋಣೆಯ ಬಾಗಿಲನ್ನು ತಂಗಿ ದಿನವೂ ತಟ್ಟುತ್ತಿದ್ದಳು. ತಡೆಯಲಾರದೆ ಒಂದು ದಿನ ನಾನು ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, "ಓ" ಎಂದೆ.